ದೊಡ್ಡ ಸಾಹೇಬ್ರು ರೌಂಡ್ಸಿಗೆ ಬಂದಾಗ

ಕೊಟ್ಟೂರು
14 ಜುಲೈ 2008

ಪ್ರಿಯ ಭಾಗ್ಯ,

ಇದನ್ನು ನಿನಗೆ ಮೇಲ್ ಮಾಡಬಹುದಿತ್ತು. ಅಂಗಡಿ ತುಂಬ ಕಂಪ್ಯೂಟರ್ ಇಟ್ಟುಕೊಂಡು ಅಂಚೆ ಕವರು ತರಿಸುತ್ತಿದ್ದೀಯಲ್ಲ ಎಂದು ನಮ್ಮ ಮನೆಯವರು ನಕ್ಕರು. ಆದರೆ ಆ ಕೀಬೋರ್ಡಿನ ಮುಂದೆ ಕೂತರೆ ನನಗೆ ಬೆರಳು ಏಳುತ್ತಿಲ್ಲ.

ಬಳ್ಳಾರಿಯ ಕಾನ್ವೆಂಟಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ರಜೆಯಲ್ಲಿ ಇಂಗ್ಲಿಷಿನಲ್ಲೇ ಪತ್ರ ಬರೆಯುತ್ತಿದ್ದೆವು. ಇವತ್ತು ಅದು ಬೇಡ. ಕನ್ನಡದಲ್ಲಿ ಆದ ಅನ್ಯಾಯವನ್ನು ಕನ್ನಡದಲ್ಲೇ ಹೇಳುತ್ತೇನೆ.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನನ್ನ ಇಂಟರ್‌ನೆಟ್ ಸೆಂಟರಿನಲ್ಲಿ ಹೆಂಗಸರ ಹೊತ್ತು. ಬಾಗಿಲಿಗೆ ಪರದೆ ಎಳೆಯುತ್ತೇನೆ, ಗಂಡಸರು ಹೊರಗೆ. ಜನವರಿಯಲ್ಲಿ ನೀನು ಹರಪನಹಳ್ಳಿಯಿಂದ ಸಿ.ಡಿ. ತಂದು ಎಲ್ಲ ಯಂತ್ರಗಳ ಬ್ರೌಸರಿಗೂ ನಿಮ್ಮ ಕಂಪನಿಯ ನುಡಿಜೊತೆಯನ್ನು ಜೋಡಿಸಿಕೊಟ್ಟೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಆ ಆಡ್-ಆನ್ ನಮ್ಮ ಹೆಂಗಸರಿಗೆ ಹಬ್ಬವಾಗಿಬಿಟ್ಟಿತು. ಎರಡು ಅಕ್ಷರ ಒತ್ತಿದರೆ ಉಳಿದ ಪದವನ್ನು, ಕೆಲವೊಮ್ಮೆ ಇಡೀ ಸಾಲನ್ನೇ ಬೂದು ಬಣ್ಣದಲ್ಲಿ ಮುಂದೆ ಹಿಡಿಯುತ್ತದೆ. "ಮನಸ್ಸಿನ್ಯಾಗಿಂದು ಇದಕ್ಕ ಹೆಂಗ ಗೊತ್ತಾತ್ರಿ?" ಎಂದು ಒಬ್ಬೊಬ್ಬರೂ ಬೆರಗಾಗುತ್ತಿದ್ದರು. ಹೆಂಗೆ ಗೊತ್ತಾಗುತ್ತದೆ ಎಂದು ನಾನೂ ಕೇಳಿಕೊಳ್ಳಬೇಕಿತ್ತು.

ಪ್ರಿಯಾ ನಿನಗೆ ನೆನಪಿರಬಹುದು. ತಾಲ್ಲೂಕು ಕಚೇರಿಯಲ್ಲಿ ಅಟೆಂಡರ್ ಆಗಿದ್ದ ಗಾದಿಲಿಂಗಪ್ಪನವರ ಮಗಳು, ಇಲ್ಲಿನ ನರ್ಸಿಂಗ್ ಹೋಮಿನಲ್ಲಿ ನರ್ಸು. ಒಂದು ತಿಂಗಳಿಂದ ಮೂಲೆಯ ಯಂತ್ರದಲ್ಲಿ ಕೂತು ಏನನ್ನೋ ಬರೆಯುತ್ತಿದ್ದಳು, ಅಳಿಸುತ್ತಿದ್ದಳು. ನಾನು ಇಣುಕಿದವಳಲ್ಲ. ಮಹಿಳಾ ಆಯೋಗಕ್ಕೆ ಕಳಿಸಲೆಂದು ಬರೆಯುತ್ತಿದ್ದ ದೂರು ಅದು ಎಂದು ಈಗ ತಿಳಿಯಿತು. ಅದನ್ನು ಅವಳು ಕಳಿಸಿರಲಿಲ್ಲ, ಎಲ್ಲಿಯೂ ಉಳಿಸಿಯೂ ಇರಲಿಲ್ಲ.

ಕಳೆದ ಗುರುವಾರ ಆ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಕೂರುವ ಚೌಡಣ್ಣ ದಾವಣಗೆರೆಯ ಲ್ಯಾಬಿಗೆ ಮೇಲ್ ಬರೆಯಲು ಹೊರಟಿದ್ದಾನೆ. ರೋಗಿಯ ಹೆಸರು ದೊಡ್ಡಬಸಪ್ಪ. 'ದೊಡ್ಡ' ಎಂದು ಒತ್ತುತ್ತಲೇ ಇಡೀ ಸಾಲೊಂದು ಮೂಡಿದೆ. ಚೌಡಣ್ಣನಿಗೆ ಏನನ್ನೇ ಓದಿದರೂ ಗಟ್ಟಿಯಾಗಿ ಓದುವ ಚಾಳಿ. ಓದಿಬಿಟ್ಟ:

"ದೊಡ್ಡ ಸಾಹೇಬ್ರು ರೌಂಡ್ಸಿಗೆ ಬಂದಾಗ ನಾವು ಸ್ಟೋರ್ ರೂಮಿಗೆ ಒಬ್ಬೊಬ್ರ ಹೋಗಂಗಿಲ್ಲ."

ಕೌಂಟರಿನ ಮುಂದೆ ಜನ ಇದ್ದರು. ಯಾರೋ ನಕ್ಕರಂತೆ, ಆಮೇಲೆ ಯಾರೂ ನಗಲಿಲ್ಲವಂತೆ. ಆ ಆಸ್ಪತ್ರೆಯಲ್ಲಿ ಎಲ್ಲರೂ ಡಾಕ್ಟರನ್ನು 'ಸರ್' ಎನ್ನುತ್ತಾರೆ. 'ದೊಡ್ಡ ಸಾಹೇಬ್ರು' ಎನ್ನುವವಳು ಪ್ರಿಯಾ ಒಬ್ಬಳೇ. ಅಪ್ಪನಿಂದ ಬಂದ ಮಾತದು, ಅವರ ಮನೆಯಲ್ಲಿ ಅಧಿಕಾರಿಗಳೆಲ್ಲ ದೊಡ್ಡ ಸಾಹೇಬ್ರೇ. ಸಂಜೆಯ ಹೊತ್ತಿಗೆ, ನಾಳೆಯಿಂದ ಬರಬೇಡ ಎಂದರು.

ಅವಳು ನೇರ ನನ್ನ ಹತ್ತಿರ ಬಂದಳು. ಕೂರಲಿಲ್ಲ. "ಮೇಡಂ, ನಾ ಬರದಿದ್ದನ್ನ ಯಾರಿಗರ ತೋರ್ಸಿದ್ರೇನ್ರಿ?" ಎಂದಳು.

ಇಲ್ಲ ಎಂದೆ. ನಂಬಲು ಅವಳಿಗೆ ಕಾರಣವಿರಲಿಲ್ಲ.

ಭಾಗ್ಯ, ನನ್ನ ಪರದೆಯ ಹಿಂದೆ ಬರೆದ ಸಾಲು ಚೌಡಣ್ಣನ ಕೌಂಟರಿಗೆ ಹೋದದ್ದು ಹೇಗೆ? ಸುತ್ತಿ ಬಳಸದೆ ಹೇಳು.

ನಿನ್ನ
ಸುಮಾ


ಹರಪನಹಳ್ಳಿ
22 ಜುಲೈ 2008

ಲೇ ಸುಮಾ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಸಂಕಟವಾಯಿತು. ಪ್ರಿಯಾಳ ವಿಷಯ ಕೇಳಿ ಆದ ಸಂಕಟ ನಿಜದ್ದು. ಆದರೆ ನಾನೇನು ಕಳ್ಳಿಯಲ್ಲ.

ಕೇಳಿದ್ದಕ್ಕೆ ಉತ್ತರ. ನುಡಿಜೊತೆಯಲ್ಲಿ ಬರೆದದ್ದೆಲ್ಲ ಹೈದರಾಬಾದಿನ ಕಂಪನಿಗೆ ಹೋಗುತ್ತದೆ. ಮೇಲ್ ಕಳಿಸಿದರೂ ಹೋಗುತ್ತದೆ, ಅಳಿಸಿದರೂ ಹೋಗುತ್ತದೆ. ಜನ ಹೇಗೆ ಬರೆಯುತ್ತಾರೆ ಎಂದು ಯಂತ್ರ ಕಲಿಯುವುದೇ ಹಾಗೆ. ಅಲ್ಲಿ ಹೆಸರು, ಫೋನ್ ನಂಬರ್, ಮೇಲ್ ವಿಳಾಸ ಎಲ್ಲ ತೆಗೆದುಹಾಕುತ್ತಾರೆ, ಇದನ್ನು ನಾನೇ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಉಳಿದ ಸಾಲುಗಳನ್ನು ಮೊದಲು ಅದೇ ಊರಿನ ಯಂತ್ರಗಳಿಗೆ ಸೂಚನೆಯಾಗಿ ಕೊಡುತ್ತಾರೆ, ಯಾಕೆಂದರೆ ಒಂದು ಊರಿನ ಮಾತು ಒಂದೇ ಥರ ಇರುತ್ತದೆ. ಒಂದೇ ಸಾಲನ್ನು ಹೆಚ್ಚು ಜನ ಬರೆದರೆ ಅದು ಪಕ್ಕದ ಊರುಗಳಿಗೂ ಹರಡುತ್ತದೆ. ನರ್ಸಿಂಗ್ ಹೋಮಿನ ಕಂಪ್ಯೂಟರಿಗೂ ನುಡಿಜೊತೆ ಹಾಕಿಕೊಟ್ಟವಳು ನಾನೇ. ಅವತ್ತು ಚಹಾ ಕೊಟ್ಟಿದ್ದರು.

ಇದು ಇನ್ನೂ ಪ್ರಾಯೋಗಿಕ ಆಡ್-ಆನ್. ಹಾಗೆಂದು ಪುಟದ ಮೇಲೇ ಬರೆದಿದೆ. ಕೊಟ್ಟೂರಿನ ಸಾಲುಗಳು ತುಂಬ ಚೆನ್ನಾಗಿವೆ, ಪುಸ್ತಕದಲ್ಲಿ ಸಿಗದ ಜೀವಂತ ಭಾಷೆ ಎಂದು ಕಂಪನಿಯವರು ಹೋದ ತಿಂಗಳಷ್ಟೇ ಹೊಗಳಿದ್ದರು. ನಾನೂ ಖುಷಿಪಟ್ಟಿದ್ದೆ. ಕಾಲೇಜಿನ ಕೆಲಸ ಹೋದಮೇಲೆ ನನ್ನನ್ನು ಕರೆದು ಕೂರಿಸಿದವರು ಇವರೊಬ್ಬರೇ ಎಂಬುದು ನಿನಗೆ ಗೊತ್ತು.

ಇನ್ನೊಂದು ಮಾತು. 'ಒಪ್ಪಿದ್ದೇನೆ' ಎಂದು ಟಿಕ್ ಮಾಡಿದವಳು ನೀನು.

ಭಾಗ್ಯ


ಕೊಟ್ಟೂರು
3 ಆಗಸ್ಟ್ 2008

ಭಾಗ್ಯ,

ಹೌದು, ಟಿಕ್ ಮಾಡಿದವಳು ನಾನು. ಓದದೇ ಮಾಡಿದ್ದೆ ಎಂದಾದರೂ ಹೇಳಿಕೊಳ್ಳಬಹುದೇ ಎಂದು ಎರಡು ದಿನ ಯೋಚಿಸಿದೆ. ಆದರೆ ಪೂರ್ತಿ ಓದಿದ್ದೆ. ಆ ಇಂಗ್ಲಿಷು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಹೆಸರಿಲ್ಲದ ಮಾಹಿತಿಯನ್ನು ಮಾತ್ರ ಸಂಗ್ರಹಿಸುತ್ತೇವೆ ಎಂದಿತ್ತು, ಹೆಸರಿಲ್ಲವಲ್ಲ ಎಂದು ನಾನೂ ಸಮಾಧಾನಪಟ್ಟೆ. ಅದನ್ನು ಬರೆದವರಿಗೆ ಕೊಟ್ಟೂರು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಇಲ್ಲಿ ಹೆಸರು ತೆಗೆದರೆ ಏನು ತೆಗೆದಂತಾಯಿತು? ಕತ್ತಲಲ್ಲಿ ಕೆಮ್ಮಿದರೂ ಯಾರ ಮನೆಯವರು ಎಂದು ಹೇಳುವ ಊರು ಇದು. ಉಜ್ಜಿನಿ ಕಡೆಯ ಸೊಸೆ ಒಂದು ಥರ ಮಾತಾಡುತ್ತಾಳೆ, ಕೋಗಳಿ ಕಡೆಯವಳು ಇನ್ನೊಂದು ಥರ. ನೀವು ಹೆಸರನ್ನು ಕಿತ್ತು ಧಾಟಿಯನ್ನು ಹಾಗೇ ಬಿಟ್ಟಿರಿ. ನಿಮಗೆ ಬೇಕಾಗಿದ್ದದ್ದೂ ಆ ಧಾಟಿಯೇ.

ನಾನು ಒಪ್ಪಿದ್ದೆ. ಪ್ರಿಯಾ ಒಪ್ಪಿರಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿದ್ದವಳು ನಾನು. ಇಷ್ಟು ಒಪ್ಪಿಕೊಂಡ ಮೇಲೆ ಉಳಿದದ್ದಕ್ಕೆ ಬರುತ್ತೇನೆ.

ಮೊನ್ನೆ ನರ್ಸಿಂಗ್ ಹೋಮಿನ ಮ್ಯಾನೇಜರ್ ಪಾಲಾಕ್ಷಪ್ಪ ಬಂದಿದ್ದರು. ಹೆಂಗಸರ ಹೊತ್ತಿನಲ್ಲೇ ಪರದೆ ಸರಿಸಿ ಒಳಗೆ ಬಂದರು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಮಧ್ಯಾಹ್ನ ಇಲ್ಲಿ ಯಾರ್ಯಾರು ಬಂದು ಏನೇನು ಬರೀತಾರ ಅಂತ ಒಂದೀಟು ಹೇಳಿಬಿಡ್ರಿ. ಆ ಹುಡುಗಿ ಒಬ್ಬಾಕೀನೋ, ಇನ್ನೂ ಅದಾರೋ, ಅಷ್ಟು ಗೊತ್ತಾದ್ರ ಸಾಕು."

"ಪಾಲಾಕ್ಷಪ್ಪನವರ, ನಿಮ್ಮ ಆಸ್ಪತ್ರ್ಯಾಗ ಯಾರಿಗೆ ಯಾವ ಕಾಯಿಲಿ ಐತಿ ಅಂತ ನನಗ ಹೇಳ್ತೀರೇನು?"

"ಅದೆಂಗ ಹೇಳಾಕ ಬರ್ತೈತ್ರಿ!"

"ಇದೂ ಹಂಗರಿ. ಪರದಿ ಆಚಿ ನಿಂದರ್ರಿ, ಹೆಣ್ಮಕ್ಕಳು ಅದಾರ."

ಹೋಗುವಾಗ ಹೊಸ್ತಿಲ ಮೇಲೆ ನಿಂತು, "ನಾಳೆ ನಿಮಗೂ ಆಸ್ಪತ್ರಿ ಬೇಕಾಗ್ತೈತಿ ಅಕ್ಕಾರ" ಎಂದರು. ಮೆತ್ತಗೆ, ಕಾಳಜಿ ಮಾಡುವವರ ಹಾಗೆ. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರೂ ಅದನ್ನೇ ಹೇಳಿದರು. ನನ್ನ ಸಕ್ಕರೆ ಕಾಯಿಲೆಗೆ ಮದ್ದು ಬರೆಯುವವರು ಅದೇ ಡಾಕ್ಟರು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಹೆದರಿಕೊಂಡೇ ಅನ್ನ ಕಲಸಿದೆ. ಆದರೂ ಹೇಳಿದೆ: "ಮದ್ದು ತರಾಕ ಹಗರಿಬೊಮ್ಮನಹಳ್ಳಿಗೆ ಹೋಗ್ತೀನಿ. ಬಸ್ ಅದಾವ."

ಕೆಲಸ ಹೋದದ್ದಕ್ಕಿಂತ ಆ ಸಾಲು ಇನ್ನೂ ಅಲ್ಲಿ ಓಡಾಡುತ್ತಿರುವುದು ಪ್ರಿಯಾಳನ್ನು ತಿನ್ನುತ್ತಿದೆ. 'ದೊಡ್ಡ' ಎಂದು ಯಾರೇ ಒತ್ತಿದರೂ ಅವಳ ಮಾತು ಎದ್ದು ಕೂರುತ್ತದೆ. ದೊಡ್ಡಮ್ಮ, ದೊಡ್ಡಾಟ, ದೊಡ್ಡ ಗೌಡರು, ಏನೇ ಬರೆಯಲು ಹೋಗಲಿ. ಅದನ್ನು ಅಳಿಸು ಎಂದು ನಿಮ್ಮವರಿಗೆ ಹೇಳು. ಕೇಳುತ್ತಿರುವುದು ಇಷ್ಟೇ.

ಸುಮಾ


ಹರಪನಹಳ್ಳಿ
25 ಆಗಸ್ಟ್ 2008

ಸುಮಾ,

ಕೇಳಿದೆ. ಫೋನಿನಲ್ಲಿ ಕೇಳಿದೆ, ಮೇಲ್‌ನಲ್ಲಿ ಕೇಳಿದೆ. ಅವರ ಉತ್ತರವನ್ನು ಇದ್ದ ಹಾಗೆ ಕನ್ನಡಕ್ಕೆ ಇಳಿಸುತ್ತೇನೆ.

ಒಮ್ಮೆ ಬೆರೆತ ಸಾಲನ್ನು ಬೇರ್ಪಡಿಸಿ ಅಳಿಸುವುದು ತಾಂತ್ರಿಕವಾಗಿ ಸಾಧ್ಯವಿಲ್ಲ. ಆದರೂ ವಿಶೇಷವಾಗಿ ಪರಿಶೀಲಿಸಬೇಕೆಂದರೆ, ಸಾಲನ್ನು ಬರೆದ ವ್ಯಕ್ತಿಯೇ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ, ಮತ್ತು ತಾನು ಬರೆದ ಎಲ್ಲ ಸಾಲುಗಳ ವಿವರ ಇರಬೇಕು.

ಇಷ್ಟೇ ಬಂದದ್ದು. ಇದರ ಬಗ್ಗೆ ನನಗೆ ಏನನ್ನಿಸಿತು ಎಂದು ಈಗ ಬರೆಯಲಾರೆ. ಬರೆಯಲು ಕೂತು ಎರಡು ಹಾಳೆ ಹರಿದೆ.

ಭಾಗ್ಯ


ಕೊಟ್ಟೂರು
7 ಸೆಪ್ಟೆಂಬರ್ 2008

ಪ್ರಿಯ ಭಾಗ್ಯ,

ನೀನು ಹರಿದ ಹಾಳೆಗಳಲ್ಲಿ ಏನಿತ್ತೆಂದು ನಾನು ಕೇಳುವುದಿಲ್ಲ.

ಕಂಪನಿಯ ಉತ್ತರವನ್ನು ಪ್ರಿಯಾಳಿಗೆ ಓದಿ ಹೇಳಿದೆ. ಅಳುತ್ತಾಳೇನೋ ಎಂದುಕೊಂಡಿದ್ದೆ. ಅವಳು ನಕ್ಕಳು. ಕೆಲಸ ಹೋದಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು.

"ನನ್ನ ಮಾತು ಒಯ್ಯುವಾಗ ಹೆಸ್ರು ಕೇಳ್ಲಿಲ್ಲ. ವಾಪಸ್ ಕೊಡಾಕ ಹೆಸ್ರು ಬೇಕಂತ! ನಾನು ಬರದಿದ್ದೆಲ್ಲಾ ಇನ್ನೊಮ್ಮಿ ಬರಕೊಡಬೇಕಂತ!"

ನಾನು ಎಲ್ಲ ಯಂತ್ರಗಳಿಂದಲೂ ನುಡಿಜೊತೆಯನ್ನು ಇವತ್ತೇ ಕಿತ್ತುಹಾಕುತ್ತೇನೆ ಎಂದೆ. ಅವಳು ತಡೆದಳು. "ತಡೀರಿ ಮೇಡಂ. ಹೆಚ್ಚು ಮಂದಿ ಬರದ್ರ ಹೆಚ್ಚು ಊರಿಗೆ ಹೋಗ್ತೈತಿ ಅಂದ್ರಲ್ಲ ಭಾಗ್ಯ ಮೇಡಂ, ಖರೇನಾ?"

ಅವಳ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಿನಗೆ ಹಿಡಿಯಲಿಕ್ಕಿಲ್ಲ.

ಮರುದಿನ ಮಧ್ಯಾಹ್ನ ಬಂದವರ ಮುಂದೆ ಅವಳೇ ನಿಂತು ಹೇಳಿದಳು, ಆ ಸಾಲು ತನ್ನದು ಎಂದು. ಯಾರೂ ಆಶ್ಚರ್ಯಪಡಲಿಲ್ಲ. ಮೂಲೆಯಲ್ಲಿ ಉಚ್ಚಂಗೆಮ್ಮ ಕೂತಿದ್ದಳು, ಮಗಳ ಪರೀಕ್ಷೆಯ ಫಲಿತಾಂಶ ನೋಡಿಸಲು ಬಂದವಳು. ಹಿಂದೆ ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು.

"ಹುಡುಗ್ಯಾರು ಸ್ಟೋರಿಗೆ ಹೋದ್ರ ನಾನು ಬಾಗ್ಲದಾಗ ಬಟ್ಟಿ ಮಡಚಿಕೋಂತ ಕುಂದರ್ತಿದ್ದೆ" ಎಂದಳು. "ಮಡಚಿದ್ದನ್ನ ಬಿಚ್ಚಿ ಮತ್ತ ಮಡಚೂದು. ಯಾಕ ಅಂತ ಒಬ್ರರ ಕೇಳ್ಲಿಲ್ಲ ನೋಡವಾ. ಎಲ್ಲಾರ್ಗೂ ಗೊತ್ತಿತ್ತು, ಅದಕ್ಕ."

ಪರದೆಯ ಆಚೆ ಟೆಂಪೋ ಒಂದು ಹಾರ್ನ್ ಹೊಡೆಯುತ್ತಲೇ ಇತ್ತು.

ಭಾಗ್ಯ, ಈ ಸಲ ನಾನು ಟಿಕ್ ಮಾಡಲಿಲ್ಲ. ಒಬ್ಬೊಬ್ಬರನ್ನೂ ಕೂರಿಸಿಕೊಂಡು ನಮ್ಮ ಮಾತಿನಲ್ಲೇ ಹೇಳಿದೆ: ಇಲ್ಲಿ ಬರೆದದ್ದು ಹೈದರಾಬಾದಿಗೆ ಹೋಗುತ್ತದೆ, ಅಳಿಸಿದರೂ ಹೋಗುತ್ತದೆ, ಅಲ್ಲಿಂದ ಯಾರ ಕಣ್ಣಿಗೆ ಬೀಳುತ್ತದೋ ಹೇಳಲಾಗದು, ನಿಮ್ಮ ಹೆಸರು ಇರುವುದಿಲ್ಲ ಎನ್ನುತ್ತಾರೆ, ಪ್ರಿಯಾಳಿಗೆ ಏನಾಯಿತು ನೋಡಿದ್ದೀರಿ. ಮನಸ್ಸಿದ್ದರೆ ಬರೆಯಿರಿ, ಇಲ್ಲದಿದ್ದರೆ ಬೇಡ. ಇಬ್ಬರು ಬೇಡ ಎಂದು ಎದ್ದು ಹೋದರು. ಅವರ ಮೇಲೆ ನನಗೆ ಗೌರವವೇ ಇದೆ. ಒಬ್ಬಳ ಗಂಡ ಆ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿದ್ದಾನೆ.

ಉಳಿದವರು ಬರೆದರು. ಪ್ರಿಯಾಳ ಅದೇ ಸಾಲನ್ನು, ಒಬ್ಬರ ನಂತರ ಒಬ್ಬರು. ನಾಗಲಿಂಗಮ್ಮಜ್ಜಿ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ, "ಎಪ್ಪತ್ತರ ಮುದುಕಿ ನಾ. ನನ್ನೂ ಸ್ಟೋರ್ ರೂಮಿಗೆ ಕರೀತಾರಂದ್ರ ಕರೀಲಿ ಬಿಡು, ಕೈಯಾಗ ಕೋಲು ಐತಿ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಉಚ್ಚಂಗೆಮ್ಮನಿಗೆ ಬರೆಯಲು ಬರುವುದಿಲ್ಲ. ಅವಳ ಬೆರಳು ಹಿಡಿದು ಪ್ರಿಯಾಳೇ ಒತ್ತಿಸಿದಳು. ಬೇರೆ ಬೇರೆ ಹೊತ್ತಿಗೆ ಬಂದವರು ಮತ್ತೆ ಬರೆದರು, ತಂಗಿಯರನ್ನು, ನಾದಿನಿಯರನ್ನು ಕರೆದುಕೊಂಡು ಬಂದರು. ಕೂಡ್ಲಿಗಿಯ ತವರಿಗೆ ಹೋದವಳೊಬ್ಬಳು ಅಲ್ಲಿಯ ಸೆಂಟರಿನಲ್ಲೂ ಬರೆದು ಬಂದಳು.

ಇದು ಸರಿಯೇ ಎಂದು ದಿನವೂ ಕೇಳಿಕೊಳ್ಳುತ್ತೇನೆ. ಸಾಲಿನಲ್ಲಿ ಯಾರ ಹೆಸರೂ ಇಲ್ಲ. ಏನೂ ಮಾಡದ ಯಾವುದೋ ಊರಿನ ಡಾಕ್ಟರಿಗೂ ಇದು ಅಂಟಿಕೊಳ್ಳಬಹುದು. ಹೆಸರಿಲ್ಲದ ಮಾತು ಎಲ್ಲಿ ಹೋಗಿ ಬೀಳುತ್ತದೆ ಎಂದು ನಿಮ್ಮ ಕಂಪನಿಗೆ ಗೊತ್ತಿಲ್ಲದ ಹಾಗೆ ನನಗೂ ಗೊತ್ತಿಲ್ಲ. ಒಂದೇ ವ್ಯತ್ಯಾಸ: ನಾವು ಕೇಳಿ ಬರೆಸಿದೆವು. ಅಷ್ಟು ಸಾಕೋ ಸಾಲದೋ, ನೀನೇ ಹೇಳು.

ಒಂದು ಮಾತ್ರ ಹೇಳಬಲ್ಲೆ. ಪಾಲಾಕ್ಷಪ್ಪ ಈಗ ಬಂದು ಯಾರು ಬರೆದರು ಎಂದು ಕೇಳಿದರೆ, ನಾನು ಸುಳ್ಳು ಹೇಳಬೇಕಿಲ್ಲ. ಎಲ್ಲರೂ ಬರೆದಿದ್ದಾರೆ. ನಾನೂ ಬರೆದಿದ್ದೇನೆ.

ಸುಮಾ


ಹೂವಿನಹಡಗಲಿ
11 ಅಕ್ಟೋಬರ್ 2008

ಸುಮಾ,

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಹೋದ ವಾರವೂ ಇಲ್ಲಿಗೆ ಬಂದಿದ್ದೆ, ಇಲ್ಲಿನ ಸೆಂಟರಿನ ಯಂತ್ರಗಳನ್ನು ನೋಡಿಹೋಗಲು. 'ದೊಡ್ಡ' ಎಂದು ಒತ್ತಿದೆ. ಬಂತು. ಪಕ್ಕದ ಕುರ್ಚಿಯಲ್ಲಿ ನರ್ಸಿಂಗ್ ಓದುವ ಹುಡುಗಿ ಒಬ್ಬಳಿದ್ದಳು. ಬಗ್ಗಿ ಓದಿದಳು. ಯಾವ ಊರಿನದು ಎಂದು ಕೇಳಲಿಲ್ಲ. "ಇದನ್ನ ಯಾರು ಬರದ್ರು ಮೇಡಂ, ನಮ್ಮ ಆಸ್ಪತ್ರಿ ಹುಡುಗ್ಯಾರೇನು?" ಎಂದು ಪಿಸುಗುಟ್ಟಿದಳು.

ನನ್ನ ಕೆಲಸದ ಬಗ್ಗೆ ನಾನು ಹೇಳಿಕೊಳ್ಳುತ್ತಿದ್ದ ಜೀವಂತ ಭಾಷೆ ಅಂದರೆ ಇದು. ಬದುಕಿರುವ ಹುಡುಗಿಯೊಬ್ಬಳ ಹೆದರಿಕೆ.

ಮಂಗಳವಾರ ಹೈದರಾಬಾದಿನಿಂದ ಫೋನು. ನಮ್ಮ ಭಾಗದ ಊರುಗಳಲ್ಲೆಲ್ಲ ಒಂದು ಅಸಭ್ಯ ಸಾಲು ಹರಡಿದೆ, ಇದರಿಂದ ಕಂಪನಿಗೆ ಕೆಟ್ಟ ಹೆಸರು ಎಂದರು. ಅಸಭ್ಯ ಎಂದರು, ಸುಮಾ. ಅದರಲ್ಲಿ ಅಸಭ್ಯ ಪದ ಯಾವುದು ತೋರಿಸಿ ಎಂದೆ. ತೋರಿಸಲಿಲ್ಲ. ಬುಧವಾರ ಬೆಳಿಗ್ಗೆ ಒತ್ತಿ ನೋಡುತ್ತೇನೆ, ಸಾಲು ಮಾಯ! ಎಲ್ಲ ಊರುಗಳಿಂದಲೂ. ಬೇರ್ಪಡಿಸಲು ಸಾಧ್ಯವೇ ಇಲ್ಲ ಎಂದಿದ್ದರಲ್ಲ, ಅದೇ ಸಾಲು, ಒಂದು ಇರುಳಿನಲ್ಲಿ, ಯಾರ ಅರ್ಜಿಯೂ ಇಲ್ಲದೆ.

ನಾನು ನಿನಗೆ ಸುಳ್ಳು ಬರೆದಿರಲಿಲ್ಲ. ಆದರೆ ಅವರ ಸುಳ್ಳನ್ನು ಚಂದದ ಕನ್ನಡದಲ್ಲಿ ಬರೆದು ಕಳಿಸಿದ್ದೆ.

ಕೆಲಸ ಬಿಟ್ಟಿದ್ದೇನೆ. ಸಾಧ್ಯವಿಲ್ಲ ಎಂದ ಮೇಲ್ ಮತ್ತು ತೆಗೆದಾಯಿತು ಎಂದ ಮೇಲ್, ಎರಡನ್ನೂ ಮುದ್ರಿಸಿಕೊಂಡು ಇದರ ಜೊತೆ ಇಟ್ಟಿದ್ದೇನೆ. ಪ್ರಿಯಾಳಿಗೆ ಕೊಡು. ಸಾಲು ಎಲ್ಲಿಂದ ಹೇಗೆ ಹೋಯಿತು ಎಂದು ಯಾರು ಕೇಳಿದರೂ ಬಂದು ಹೇಳುತ್ತೇನೆ. ಚಹಾ ಕೊಟ್ಟದ್ದನ್ನೂ ಸೇರಿಸಿ.

ನೀವು ಮಾಡಿದ್ದು ಸರಿಯೇ ಎಂದು ನೀನು ಕೇಳಿದ್ದೆ. ಗೊತ್ತಿಲ್ಲ ಕಣೆ. ಆದರೆ ಆ ಹುಡುಗಿಗೆ ಅವತ್ತು ತಾನೊಬ್ಬಳೇ ಅಲ್ಲ ಎಂದು ಗೊತ್ತಾಯಿತು. ಅದನ್ನು ನಾನು ಕಣ್ಣಾರೆ ಕಂಡೆ.

ಬಸ್ ಬಂತು.

ಭಾಗ್ಯ


ಕೊಟ್ಟೂರು
5 ನವೆಂಬರ್ 2008

ಪ್ರೀತಿಯ ಭಾಗ್ಯ,

ನಿನ್ನ ಕವರು ತಲುಪಿದ ದಿನವೇ ನುಡಿಜೊತೆಯನ್ನು ಎಲ್ಲ ಯಂತ್ರಗಳಿಂದ ತೆಗೆದೆ. ತೆಗೆಯುವಾಗ ಒಂದು ಪುಟ ತೆರೆದುಕೊಂಡು, ಯಾಕೆ ತೆಗೆಯುತ್ತಿದ್ದೀರಿ, ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂದು ಇಂಗ್ಲಿಷಿನಲ್ಲಿ ಕೇಳಿತು. ಕೆಳಗೆ ಬರೆಯಲು ಖಾಲಿ ಜಾಗ. ಪ್ರತಿ ಯಂತ್ರದಲ್ಲೂ ಕೇಳಿತು. ಪ್ರತಿ ಯಂತ್ರದಲ್ಲೂ ಖಾಲಿ ಬಿಟ್ಟೆ. ನಮ್ಮ ಹೆಂಗಸರು ಈಗ ಮತ್ತೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ, ಬೈದುಕೊಳ್ಳುತ್ತ. ಕನ್ನಡ ಬರೆಯಲು ಬೇರೆ ದಾರಿ ಇದ್ದರೆ ಹುಡುಕಿ ಕೊಡು. ನಿನಗೆ ಈಗ ಬಿಡುವೂ ಇದೆ.

ನಿನ್ನೆ ಪ್ರಿಯಾ ದೂರನ್ನು ಬರೆದಳು. ಕೈಯಲ್ಲಿ, ನೀಲಿ ಪೆನ್ನಿನಲ್ಲಿ, ನನ್ನ ಮೇಜಿನ ಮೇಲೆ. ಮೊದಲ ಸಾಲು ಯಾವುದೆಂದು ನಿನಗೆ ಹೇಳಬೇಕಿಲ್ಲ. ಆ ಸಾಲಿನಲ್ಲಿ 'ನಾವು' ಎಂದು ಯಾಕೆ ಬರೆದಿದ್ದೆ, ಒಬ್ಬಳೇ ಇದ್ದೆಯಲ್ಲ ಎಂದು ಅವಳನ್ನು ಕೇಳಿದೆ. "ಒಬ್ಬಾಕಿ ಅಂತ ಬರಿಯಾಕ ಹೆದ್ರಿಕಿ ಆಗಿತ್ರಿ" ಎಂದಳು. ನಿನ್ನೆ ಅವಳ ಸಹಿಯ ಕೆಳಗೆ ಉಚ್ಚಂಗೆಮ್ಮ ಹೆಬ್ಬೆಟ್ಟು ಒತ್ತಿದಳು. ಈಗಲೂ ಅಲ್ಲೇ ಕೆಲಸದಲ್ಲಿರುವ ಇಬ್ಬರು ನರ್ಸುಗಳು ಪರದೆ ಸರಿಸಿಕೊಂಡು ಬಂದು ಸಹಿ ಹಾಕಿ, ಬಂದಷ್ಟೇ ಬೇಗ ಹೋದರು.

ಪ್ರಿಯಾ ತನ್ನ ಪೂರ್ತಿ ಹೆಸರು, ತಂದೆಯ ಹೆಸರು, ಓಣಿ, ಮನೆ ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದಳು. ಇಷ್ಟು ದಿನ ಯಾವ ಹೆಸರನ್ನು ಕಾಯಲು ಹೆಣಗಿದೆವೋ ಅದನ್ನೇ. ನನಗೆ ತಡೆಯಲಾಗಲಿಲ್ಲ. "ಇಷ್ಟೆಲ್ಲಾ ಬೇಕೇನವಾ?" ಎಂದೆ.

"ಕೇಳದ ಒಯ್ದೋರಿಗೆ ನನ್ನ ಹೆಸ್ರು ಸಿಗಂಗಿಲ್ರಿ ಮೇಡಂ" ಎಂದಳು, ಕವರಿಗೆ ಅಂಟು ಹಚ್ಚುತ್ತ. "ನಾನಾ ಕೊಡೋ ಕಡಿ ಯಾಕ ಮುಚ್ಚಿಡ್ಲಿ?"

ಇಬ್ಬರೂ ಹೋಗಿ ರಿಜಿಸ್ಟರ್ಡ್ ಪೋಸ್ಟ್ ಮಾಡಿ ಬಂದೆವು. ದಾರಿಯಲ್ಲಿ ಪಾಲಾಕ್ಷಪ್ಪ ಸ್ಕೂಟರಿನಲ್ಲಿ ಎದುರಾದರು. ಪ್ರಿಯಾ ತಾನೇ ನಮಸ್ಕಾರ ಮಾಡಿದಳು. ಅವರು ಕಾಣದವರಂತೆ ಹೋದರು.

ನನ್ನ ಈ ಪತ್ರಗಳನ್ನು ಜೋಪಾನವಾಗಿಡು. ಆಯೋಗದವರು ಕೇಳಿದರೆ ನನ್ನದೆಲ್ಲವನ್ನೂ ಕೊಡು, ನಾನು ಟಿಕ್ ಮಾಡಿದ್ದನ್ನು ಬರೆದಿರುವುದನ್ನೂ. ಕೊಡಲು ನನ್ನ ಒಪ್ಪಿಗೆ ಇದೆಯೇ ಎಂದು ನಿನ್ನನ್ನು ಯಾರಾದರೂ ಕೇಳಬಹುದು. ಅದಕ್ಕೇ ಇವತ್ತು ಬರೀ ಸುಮಾ ಎಂದು ಬರೆದು ಮುಗಿಸುತ್ತಿಲ್ಲ.

ಸುಮಲತಾ, ಗುರುಶಾಂತರ ಹೆಂಡತಿ
ಇಂಟರ್‌ನೆಟ್ ಸೆಂಟರ್, ಬಸ್ ನಿಲ್ದಾಣದ ಎದುರು
ಕೊಟ್ಟೂರು, ಕೂಡ್ಲಿಗಿ ತಾಲ್ಲೂಕು